ಯಾರ್ಕ್‌ನ ಗೋಡೆ ಮೇಲೆ

ಅಕ್ಟೋಬರ್ ಕೊನೆ, ಇಂಗ್ಲೆಂಡಿನ ಯಾರ್ಕ್‌ನಲ್ಲಿದ್ದೇವೆ. ಬೆಳಗ್ಗೆ ಬೂಥಮ್ ಬಾರ್ ಹತ್ತಿರ ಮೆಟ್ಟಿಲು ಹತ್ತಿ, ಕೋಟೆ ಗೋಡೆ ಮೇಲೆಯೇ ಮಂಕ್ ಬಾರ್‌ವರೆಗೆ ನಡೆದೆವು. ಇಲ್ಲಿ ಬಾರ್ ಅಂದರೆ ಊರಿನ ಹೆಬ್ಬಾಗಿಲು. ಗೋಡೆಯ ಪೂರ್ತಿ ದಾರಿ ಸುಮಾರು 3.4 ಕಿ.ಮೀ., ಆದರೆ ನನಗೆ ಈ ತುಂಡೇ ಜಾಸ್ತಿ ಇಷ್ಟವಾಯಿತು. ಒಳಗಡೆ ಹಳದಿಗೆ ತಿರುಗಿದ ಮರಗಳು, ಅವುಗಳ ಹಿಂದೆ ಮಿನ್‌ಸ್ಟರ್ ಚರ್ಚು. ಅದರ ಪೂರ್ವದ ಗಾಜಿನ ಕಿಟಕಿ ಒಂದು ಟೆನಿಸ್ ಅಂಗಳದಷ್ಟು ದೊಡ್ಡದು. 1405ರಲ್ಲಿ ಶುರು ಮಾಡಿ 1408ಕ್ಕೆ ಮುಗಿಸಿದರಂತೆ. ಬರೀ ಮೂರು ವರ್ಷ!

ಮಧ್ಯಾಹ್ನ ಸೇಂಟ್ ಮೇರಿ ಮಠದ ಪಾಳುಗೋಡೆಗಳ ಹತ್ತಿರ ಸುಮ್ನೆ ಕೂತಿದ್ದೆವು. ನಿಯಮ ಸಡಿಲವಾಯಿತು ಅಂತ ಬೇಸರಪಟ್ಟು 1132ರಲ್ಲಿ ಈ ಮಠ ಬಿಟ್ಟು ಹೊರಟವರೇ ರಿಪನ್ ಬಳಿ ಫೌಂಟನ್ಸ್ ಮಠ ಕಟ್ಟಿದ್ದು. ಎರಡನ್ನೂ ದೊರೆ ಎಂಟನೇ ಹೆನ್ರಿ 1539ರಲ್ಲಿ ಮುಚ್ಚಿಸಿದ. ಮುನಿಸಿಕೊಂಡು ಹೋದವರದ್ದೂ ಉಳಿದವರದ್ದೂ ಈಗ ಒಂದೇ ಥರ ಸೂರಿಲ್ಲದ ಗೋಡೆಗಳು, ಅಲ್ವಾ? ಮನಸ್ಸು ಭಾರವಾಯಿತು.

ಅಷ್ಟರಲ್ಲಿ ಅಳಿಲೊಂದು ಬಂದು ಕಲ್ಲಿನ ಬುಡದಲ್ಲಿ ಒದ್ದೆ ಎಲೆ ಸರಿಸಿ, ಕಾಯಿ ಹೂತು, ಮುಂಗಾಲಲ್ಲಿ ಎರಡು ಸಲ ತಟ್ಟಿ ಹೋಯಿತು. ನಾಳೆ ಫೌಂಟನ್ಸ್‌ಗೆ ಹೊರಡುತ್ತೇವೆ.