ಹುಲಿ ನಾಣ್ಯಗಳ ಸಂಗ್ರಹ: ಇಲ್ಲಿಯವರೆಗೆ ಬಂತು

1946-47ರ ನಿಕ್ಕಲ್ ಹುಲಿಗಳು ಕೊನೆಗೂ ಒಟ್ಟಾದವು! ಕಾಲು ಮತ್ತು ಅರ್ಧ ರೂಪಾಯಿ ಮೊದಲೇ ಇದ್ದವು, ಈಗ ಒಂದು ರೂಪಾಯಿಯೂ ಸಿಕ್ಕಿತು. ಒಂದು ಬದಿಗೆ ಆರನೇ ಜಾರ್ಜ್, ಇನ್ನೊಂದು ಬದಿಗೆ ಹೆಜ್ಜೆ ಹಾಕುತ್ತಿರುವ ಹುಲಿ. ಚಲಾವಣೆಗೆ ಬಂದ ರೂಪಾಯಿ ನಾಣ್ಯದಲ್ಲಿ ಈ ಹುಲಿ ಇರುವುದು 1947ರ ಇಸವಿಗೆ ಮಾತ್ರ.

ಇವು ಶುದ್ಧ ನಿಕ್ಕಲ್. ಅಯಸ್ಕಾಂತ ಹಿಡಿದರೆ ಟಕ್ಕಂತ ಅಂಟುತ್ತವೆ. ಅಂಟದಿದ್ದರೆ ಕೊಳ್ಳಬೇಡಿ. ಅಂಟಿತು ಅಂತ ಸುಮ್ನೆ ನಂಬಲೂಬೇಡಿ, ಕಬ್ಬಿಣವೂ ಅಂಟುತ್ತೆ ಅಲ್ವಾ? ತೂಕ ಹಾಕಿ ನೋಡಿ, ರೂಪಾಯಿ ನಾಣ್ಯ 11.66 ಗ್ರಾಂ ಆಸುಪಾಸು ಇರಬೇಕು. ನನಗೆ ಸಿಕ್ಕಿದ್ದರಲ್ಲಿ ಹುಲಿಯ ಭುಜದ ಪಟ್ಟೆಗಳು ಸವೆದಿವೆ, ಹೊಟ್ಟೆಯ ಹತ್ತಿರದವು ಇನ್ನೂ ಚೆನ್ನಾಗಿವೆ. ಜನ ಬಳಸಿದ ನಾಣ್ಯ ಅನ್ನೋದು ನೋಡಿದರೇ ಗೊತ್ತಾಗುತ್ತೆ, ನನಗೆ ಅದೇ ಇಷ್ಟ. ಉಜ್ಜಿ ಹೊಳಪು ತರುವ ಮಾತೇ ಇಲ್ಲ.

1950ರ ಆಗಸ್ಟ್ 15ಕ್ಕೆ ಗಣರಾಜ್ಯದ ನಾಣ್ಯಗಳು ಬಂದವು. ರಾಜನ ಜಾಗಕ್ಕೆ ಅಶೋಕನ ಸಿಂಹಗಳು, ಹುಲಿಯ ಜಾಗಕ್ಕೆ ತೆನೆ.

ಚೀನಾ, ಆಸ್ಟ್ರೇಲಿಯಾದ ಟಂಕಸಾಲೆಗಳು ಚೀನೀ ಪಂಚಾಂಗದ ಹುಲಿ ವರ್ಷಕ್ಕೆಂದು ತರುವ ಬೆಳ್ಳಿ ನಾಣ್ಯಗಳನ್ನು ಇನ್ನು ಕೊಳ್ಳುವುದಿಲ್ಲ. ಚೆಂದ ಇರುತ್ತವೆ, ಆದರೆ ನೇರ ಡಬ್ಬಿಯಿಂದ ಡಬ್ಬಿಗೆ ಹೋಗುವಂಥವು. ಒಂದಕ್ಕೆ ಮಾತ್ರ ವಿನಾಯಿತಿ: ಹುಲಿ ಯೋಜನೆಗೆ 50 ವರ್ಷ ತುಂಬಿದ್ದಕ್ಕೆ ತಂದ 50 ರೂಪಾಯಿ ನಾಣ್ಯ. 2023ರ ಏಪ್ರಿಲ್ 9ರಂದು ಅದು ಬಿಡುಗಡೆಯಾಗಿದ್ದು ಮೈಸೂರಲ್ಲೇ. ದೇಶದಲ್ಲಿ ಕನಿಷ್ಠ 3,167 ಹುಲಿಗಳಿವೆ ಎಂಬ ಲೆಕ್ಕವನ್ನು ಹೇಳಿದ್ದೂ ಅದೇ ದಿನ.

ಈಗ ಮನಸ್ಸೆಲ್ಲ ಶ್ರೀರಂಗಪಟ್ಟಣದ ಪದಕದ ಮೇಲೆ. 1799ರ ಮೇ 4ರಂದು ಕೋಟೆ ಬಿದ್ದಿದ್ದಕ್ಕೆ ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ್ದು. ವಿನ್ಯಾಸ ಕುಕ್ಲರ್ ಅವರದು, ಟಂಕಿಸಿದ್ದು ಬರ್ಮಿಂಗ್‌ಹ್ಯಾಂ ಹತ್ತಿರದ ಸೋಹೋದಲ್ಲಿ. ದೊಡ್ಡ ಅಧಿಕಾರಿಗಳಿಗೆ ಚಿನ್ನದ್ದು, ಸಾಮಾನ್ಯ ಸಿಪಾಯಿಗೆ ತವರದ್ದು. ಒಂದು ಬದಿಯಲ್ಲಿ ಕೋಟೆಗೆ ನುಗ್ಗುವ ದೃಶ್ಯ, ಕೆಳಗೆ ಪಾರ್ಸಿ ಬರಹ. ಇನ್ನೊಂದು ಬದಿಯಲ್ಲಿ ಬ್ರಿಟಿಷ್ ಸಿಂಹ, ಅದರ ಕೆಳಗೆ ಮಣ್ಣು ಮುಕ್ಕುತ್ತಿರುವ ಮೈಸೂರಿನ ಹುಲಿ. ಮೇಲಿನ ಬಾವುಟದಲ್ಲಿ ಅರಬ್ಬಿಯಲ್ಲಿ ‘ಅಸದುಲ್ಲಾ ಅಲ್ ಗಾಲಿಬ್’, ಅಂದರೆ ದೇವರ ಗೆಲ್ಲುವ ಸಿಂಹ. ಟಿಪ್ಪು ಇದೇ ಮಾತನ್ನು ಹುಲಿಯ ಮುಖದ ಆಕಾರದಲ್ಲಿ ಬರೆಸಿ ತನ್ನ ಆಯುಧಗಳ ಮೇಲೆ ಹಾಕಿಸಿಕೊಂಡಿದ್ದ. ಸೋತವನ ಮಾತನ್ನೇ ಕಿತ್ತು ಗೆದ್ದವರ ಬಾವುಟಕ್ಕೆ ಹಚ್ಚಿದ್ದಾರೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ. ಆದರೂ ಅದಿಲ್ಲದೆ ಮೈಸೂರಿನ ಹುಲಿಯ ಕಥೆ ಅರ್ಧಕ್ಕೇ ನಿಲ್ಲುತ್ತೆ.

ಸಿಂಹಾಸನದಿಂದ ಬಟ್ಟೆಯವರೆಗೆ ಹುಲಿ ತುಂಬಿಸಿದ ಟಿಪ್ಪು, ತಾಮ್ರದ ಕಾಸಿಗೆ ಆರಿಸಿಕೊಂಡಿದ್ದು ಮಾತ್ರ ಆನೆಯನ್ನು! ಹಾಗಾಗಿ ಹುಲಿಗಳ ನಡುವೆ ಒಂದು ಆನೆ ಕಾಸನ್ನೂ ಸೇರಿಸಿದ್ದೇನೆ.

ಪದಕದ ನಕಲುಗಳು ಜಾಸ್ತಿ. ಅಸಲಿಯಲ್ಲಿ ಸೋಹೋದ್ದು 48 ಮಿ.ಮೀ. ಅಗಲ, ಕಲ್ಕತ್ತೆಯಲ್ಲಿ ಮಾಡಿದ ಅಸಲಿ ಸ್ವಲ್ಪ ಚಿಕ್ಕದು. ತವರದ ಒಂದಕ್ಕೆ ದುಡ್ಡು ಕೂಡಿಡುತ್ತಿದ್ದೇನೆ.