ಕಪ್ ಇಲ್ಲದ ಕೋಚ್ ಸೋತ ಕೋಚ್ ಅಲ್ಲ

17 ಜುಲೈ 2024, ಬುಧವಾರ

ನಿನ್ನೆ ಗ್ಯಾರೆತ್ ಸೌತ್‌ಗೇಟ್ ಇಂಗ್ಲೆಂಡ್ ಪುರುಷರ ಫುಟ್‌ಬಾಲ್ ತಂಡದ ಕೋಚ್ ಹುದ್ದೆ ಬಿಟ್ಟರು. ಭಾನುವಾರ ಬರ್ಲಿನ್‌ನಲ್ಲಿ ಯೂರೋ (ಯುರೋಪಿನ ದೇಶಗಳ ಕಪ್) ಫೈನಲ್ ಸೋತಿದ್ದರು, ಸ್ಪೇನ್ ಎದುರು 2-1. ಸುದ್ದಿ ಬಂದಾಗಿನಿಂದ ಒಂದೇ ಮಾತು ಕೇಳುತ್ತಿದ್ದೇನೆ. ಹೆಚ್ಚುಕಡಿಮೆ ಎಂಟು ವರ್ಷ ಇದ್ದರು, ಒಂದು ಕಪ್ಪೂ ತರಲಿಲ್ಲ, ಮತ್ತೇನು ಸಾಧನೆ ಅಂತ. ಇದನ್ನು ಕೇಳಿದಾಗೆಲ್ಲ ಬೇಜಾರಾಗುತ್ತದೆ.

ಆ ಫೈನಲ್‌ನ ಕೊನೆಯ ನಿಮಿಷಗಳನ್ನೇ ತಗೊಳ್ಳಿ. 86ನೇ ನಿಮಿಷದಲ್ಲಿ ಸ್ಪೇನ್‌ನ ಒಯಾರ್ಸಾಬಾಲ್ ಗೋಲು ಹೊಡೆದ. ಸ್ವಲ್ಪ ಹೊತ್ತಿಗೆ ಇಂಗ್ಲೆಂಡ್‌ಗೆ ಕಾರ್ನರ್ ಸಿಕ್ಕಿತು. ರೈಸ್ ತಲೆ ಕೊಟ್ಟ, ಗೋಲ್‌ಕೀಪರ್ ತಡೆದ. ವಾಪಸ್ ಬಂದ ಚೆಂಡಿಗೆ ಗುಯೇಹಿ ತಲೆ ಕೊಟ್ಟ, ಗೋಲ್ ಲೈನ್ ಮೇಲಿದ್ದ ಸ್ಪೇನ್‌ನ ಓಲ್ಮೊ ತಲೆಯಿಂದಲೇ ಆಚೆ ತಳ್ಳಿದ. ಓಲ್ಮೊ ಸ್ವಲ್ಪ ಪಕ್ಕಕ್ಕೆ ನಿಂತಿದ್ದರೆ 2-2. ಅವನು ಎಲ್ಲಿ ನಿಂತಿದ್ದ ಅನ್ನೋದರ ಮೇಲೆ ಒಬ್ಬ ಕೋಚ್‌ನ ಎಂಟು ವರ್ಷದ ಕೆಲಸ ಅಳೆಯೋದು ನ್ಯಾಯವಾ?

ಕಪ್ ಗೆದ್ದವರ ಕಥೆಯೂ ಅಷ್ಟು ಸುಲಭವಿಲ್ಲ. ಕೋಚ್ ಮಾನ್ಚಿನಿ 2021ರ ಜುಲೈನಲ್ಲಿ ಇಟಲಿಗೆ ಯೂರೋ ಗೆದ್ದುಕೊಟ್ಟರು. 2022ರ ಮಾರ್ಚ್‌ನಲ್ಲಿ ಅದೇ ಇಟಲಿ ನಾರ್ತ್ ಮೆಸಿಡೋನಿಯಾ ಎದುರು 1-0 ಸೋತು ವಿಶ್ವಕಪ್‌ಗೇ ಹೋಗಲಿಲ್ಲ. ಗ್ರೀಸ್‌ಗೆ 2004ರ ಯೂರೋ ತಂದ ಒಟ್ಟೊ ರೆಹಾಗೆಲ್‌ಗೂ 2006ರ ವಿಶ್ವಕಪ್‌ಗೆ ಅರ್ಹತೆ ಸಿಗಲಿಲ್ಲ. ಒಂದು ತಿಂಗಳು ತಂಡ ಹೇಗಿತ್ತು ಅಂತ ಕಪ್ ಹೇಳುತ್ತದೆ, ಅಷ್ಟೇ.

ದೇಶದ ತಂಡದ ಕೋಚ್ ಕೆಲಸವೇ ಬೇರೆ. ಕ್ಲಬ್ ಕೋಚ್‌ಗೆ ಆಟಗಾರರು ದಿನಾ ಸಿಗುತ್ತಾರೆ. ಒಬ್ಬ ಸಾಲದಿದ್ದರೆ ದುಡ್ಡು ಕೊಟ್ಟು ಇನ್ನೊಬ್ಬನನ್ನು ತರಬಹುದು. ಇಲ್ಲಿ ವರ್ಷಕ್ಕೆ ಕೆಲವು ಸಲ, ಸಿಕ್ಕರೆ ಹತ್ತು ದಿನ. ಇದ್ದವರಲ್ಲೇ ಆಡಿಸಬೇಕು. ಹಾಗಾಗಿ ನಾನು ಮೊದಲು ನೋಡುವುದು ತಂಡ ಕೈಗೆ ಬಂದಾಗ ಹೇಗಿತ್ತು ಅನ್ನೋದನ್ನ.

ಹೇಗಿತ್ತು? 2014ರ ವಿಶ್ವಕಪ್‌ನಲ್ಲಿ ಗ್ರೂಪ್‌ನ ಕೊನೆಯ ಸ್ಥಾನ. 2016ರ ಯೂರೋದಲ್ಲಿ ಐಸ್‌ಲ್ಯಾಂಡ್ ಎದುರು ಸೋಲು. ಆಮೇಲೆ ಬಂದ ಸ್ಯಾಮ್ ಅಲರ್ಡೈಸ್ ಒಂದೇ ಪಂದ್ಯಕ್ಕೆ ಹೊರಗೆ. ಅಲ್ಲಿಂದ ಸೌತ್‌ಗೇಟ್ 2018ರಲ್ಲಿ ವಿಶ್ವಕಪ್ ಸೆಮಿಫೈನಲ್, 2021ರಲ್ಲಿ ಯೂರೋ ಫೈನಲ್, 2022ರಲ್ಲಿ ವಿಶ್ವಕಪ್ ಕ್ವಾರ್ಟರ್‌ಫೈನಲ್, ಈಗ ಮತ್ತೆ ಯೂರೋ ಫೈನಲ್ ತನಕ ತಂಡವನ್ನು ಕರೆದೊಯ್ದರು. 1966ರ ನಂತರ, ಅವರು ಬರುವ ತನಕ, ಇಂಗ್ಲೆಂಡ್ ಪುರುಷರು ಒಂದು ದೊಡ್ಡ ಫೈನಲ್ ಕೂಡ ಆಡಿರಲಿಲ್ಲ.

ಪಂದ್ಯ ಸಮವಾದಾಗ ಒಬ್ಬೊಬ್ಬರಾಗಿ ಪೆನಾಲ್ಟಿ ಹೊಡೆದು ಗೆಲುವು ತೀರ್ಮಾನಿಸುವ ಪೆನಾಲ್ಟಿ ಶೂಟೌಟ್ ವಿಷಯ ಇನ್ನೂ ದೊಡ್ಡದು. ವಿಶ್ವಕಪ್‌ನಲ್ಲಿ 1990, 1998, 2006, ಮೂರೂ ಸಲ ಸೋತ ತಂಡ ಅದು. 1996ರ ಯೂರೋ ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು ಪೆನಾಲ್ಟಿ ಕಳೆದುಕೊಂಡವರು ಸ್ವತಃ ಸೌತ್‌ಗೇಟ್. ಪೆನಾಲ್ಟಿ ಬರೀ ಅದೃಷ್ಟ ಅಂತ ಅವರು ಸುಮ್ನೆ ಬಿಡಲಿಲ್ಲ. ಯಾರು ಹೊಡೆಯಬೇಕು ಅಂತ ಮೊದಲೇ ಗೊತ್ತು ಮಾಡಿ ಅಭ್ಯಾಸ ಮಾಡಿಸಿದರು. 2018ರಲ್ಲಿ ಕೊಲಂಬಿಯಾ ಎದುರು ಗೆದ್ದರು. ಈ ಸಲ ಸ್ವಿಟ್ಜರ್‌ಲ್ಯಾಂಡ್ ಎದುರು ಐದಕ್ಕೆ ಐದೂ ಗೋಲು. 2021ರ ಫೈನಲ್‌ನಲ್ಲಿ ಶೂಟೌಟ್ ಸೋತದ್ದು ನಿಜ. ಆದರೂ ಆಟಗಾರರ ಮುಖದಲ್ಲಿದ್ದ ಹಳೇ ಭಯ ಹೋಗಿದೆ. ಕೋಚ್ ಮಾಡಿದ ಕೆಲಸ ಕಣ್ಣಿಗೆ ಕಾಣುವುದು ಇಂಥ ಜಾಗದಲ್ಲೇ.

ಇಷ್ಟೆಲ್ಲ ಹೇಳಿದ ಮೇಲೆ ತಪ್ಪನ್ನೂ ನೇರವಾಗಿ ಹೇಳಬೇಕು. 2018ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್‌ನ ಟ್ರಿಪ್ಪಿಯರ್ 5ನೇ ನಿಮಿಷದಲ್ಲೇ ಫ್ರೀ ಕಿಕ್ ಗೋಲು ಹೊಡೆದ. ದ್ವಿತೀಯಾರ್ಧದಲ್ಲಿ ತಂಡ ಹಿಂದಕ್ಕೆ ಸರಿಯಿತು, 68ನೇ ನಿಮಿಷದಲ್ಲಿ ಕ್ರೊಯೇಷಿಯಾದ ಪೆರಿಸಿಚ್ ಸಮ ಮಾಡಿದ, ಎಕ್ಸ್‌ಟ್ರಾ ಟೈಮ್‌ನಲ್ಲಿ ಕ್ರೊಯೇಷಿಯಾ ಗೆದ್ದಿತು. 2021ರ ಫೈನಲ್‌ನಲ್ಲಿ ಶಾ 2ನೇ ನಿಮಿಷದಲ್ಲಿ ಗೋಲು ಹೊಡೆದ. ಮತ್ತೆ ಹಿಂದಕ್ಕೆ. 67ನೇ ನಿಮಿಷದಲ್ಲಿ ಇಟಲಿಯ ಬೊನುಚ್ಚಿ ಸಮ ಮಾಡಿದ. ಈ ಸಲ ಗ್ರೂಪ್ ಪಂದ್ಯದಲ್ಲಿ ಡೆನ್ಮಾರ್ಕ್ ಎದುರೂ ಮುಂದಿದ್ದು 1-1 ಮಾಡಿಕೊಂಡರು. ಒಂದು ಸಲ ಆದರೆ ಅದೃಷ್ಟ ಅನ್ನಬಹುದು. ವರ್ಷ ಬದಲಾಗಿ, ಆಟಗಾರರು ಬದಲಾಗಿ, ಆಮೇಲೂ ಅದೇ ಆದರೆ ಅದು ಕೋಚ್‌ದೇ, ಅಲ್ವಾ?

ಅರ್ಜೆಂಟೀನಾ ಕೋಚ್ ಸ್ಕಲೋನಿ ನೆನಪಾಗುತ್ತಾರೆ. 2022ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಮೊದಲ ಪಂದ್ಯದಲ್ಲೇ ಸೌದಿ ಅರೇಬಿಯಾಗೆ ಸೋತಿತು. ನಾಲ್ಕು ದಿನಕ್ಕೆ ಮುಂದಿನ ಪಂದ್ಯ. ಗ್ರೂಪ್ ಹಂತ ಮುಗಿಯುವಷ್ಟರಲ್ಲಿ, ಮೊದಲ ಪಂದ್ಯ ಬೆಂಚ್‌ನಲ್ಲಿ ಶುರು ಮಾಡಿದ್ದ ಮ್ಯಾಕ್ ಅಲಿಸ್ಟರ್, ಎಂಜೊ ಫರ್ನಾಂಡಿಸ್, ಹೂಲಿಯನ್ ಆಲ್ವಾರೆಜ್ ಮೂವರೂ ಮೊದಲ ಹನ್ನೊಂದರಲ್ಲಿದ್ದರು. ಸೌತ್‌ಗೇಟ್ ಈ ಯೂರೋದಲ್ಲಿ ಮಿಡ್‌ಫೀಲ್ಡ್‌ಗೆ ಅಲೆಕ್ಸಾಂಡರ್-ಅರ್ನಾಲ್ಡ್, ಗ್ಯಾಲಘರ್ ಅಂತ ನೋಡಿ ನೋಡಿ, ನಾಕೌಟ್ ಹೊತ್ತಿಗೆ ಮೈನೂ ಕಡೆ ಬಂದರು. ಲೆಫ್ಟ್ ಬ್ಯಾಕ್ (ಎಡಗಡೆಯ ಡಿಫೆಂಡರ್) ಜಾಗಕ್ಕೆ ಅಂತ ಕರೆದೊಯ್ದದ್ದು ಶಾ ಒಬ್ಬನನ್ನೇ, ಅವನಿಗೋ ಗಾಯ. ಬಲಗಾಲಿನ ಟ್ರಿಪ್ಪಿಯರ್ ಎಡಗಡೆ ಆಡುತ್ತಾ ಇದ್ದ. ಆಯ್ಕೆ ಕೋಚ್ ಒಬ್ಬರದೇ, ಹಾಗಾಗಿ ಇದರ ಹೊಣೆಯೂ ಅವರದ್ದೇ.

ಭಾನುವಾರ ಎದುರಿನ ಬೆಂಚ್‌ನಲ್ಲಿದ್ದ ಸ್ಪೇನ್ ಕೋಚ್ ದೆ ಲಾ ಫುಯೆಂತೆ ಏನು ಮಾಡಿದರು ನೋಡಿ. ಅರ್ಧ ಸಮಯಕ್ಕೆ ಗಾಯಗೊಂಡ ರೊದ್ರಿ ಹೊರಗೆ, ಸುಬಿಮೆಂದಿ ಒಳಗೆ. ತಂಡ ಒಂಚೂರೂ ಅಲುಗಾಡಲಿಲ್ಲ. ಗೆಲುವಿನ ಗೋಲು ಹೊಡೆದ ಒಯಾರ್ಸಾಬಾಲ್ ಕೂಡ ಬದಲಿಗೆ ಬಂದವನೇ. ಇಬ್ಬರೂ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಇದೇ ಕೋಚ್ ಕೈಕೆಳಗೆ ಆಡಿದವರು. ಸೌತ್‌ಗೇಟ್ ಕೂಡ ಪಾಲ್ಮರ್‌ನನ್ನು ಇಳಿಸಿದರು, ಅವನು ಬಂದು ಮೂರೇ ನಿಮಿಷಕ್ಕೆ ಗೋಲು ಹೊಡೆದ. ಸೆಮಿಫೈನಲ್‌ನಲ್ಲಿ ವಾಟ್ಕಿನ್ಸ್‌ನನ್ನು ಇಳಿಸಿದ್ದೂ ಅವರೇ, ನೆದರ್ಲೆಂಡ್ಸ್ ಎದುರು ಗೆಲ್ಲಿಸಿದ್ದು ಅವನೇ. ಇಂಥ ಧೈರ್ಯ ಇನ್ನೂ ಮುಂಚೆ, ಇನ್ನೂ ಜಾಸ್ತಿ ಸಲ ತೋರಿಸಬೇಕಿತ್ತು.

ನನ್ನ ಲೆಕ್ಕದಲ್ಲಿ ಅವರು ಯಶಸ್ವಿ ಕೋಚ್. ಹೊಸಬರು ಯಾರೇ ಬರಲಿ, ಅರ್ಹತಾ ಪಂದ್ಯಗಳಲ್ಲಿ ಸಣ್ಣ ತಂಡಗಳ ಮೇಲೆ ಎಷ್ಟು ಗೋಲು ಹೊಡೆದರು ಅಂತ ನಾನು ನೋಡುವುದಿಲ್ಲ. ಒಳ್ಳೆಯ ತಂಡದ ಎದುರು 1-0 ಮುಂದಿರುವಾಗ, 60ನೇ ನಿಮಿಷದಲ್ಲಿ ಇಂಗ್ಲೆಂಡ್‌ನ ಡಿಫೆಂಡರ್‌ಗಳು ಮೈದಾನದ ಯಾವ ಭಾಗದಲ್ಲಿ ನಿಂತಿದ್ದಾರೆ ಅಂತ ನೋಡುತ್ತೇನೆ.