ಬಂಡೆಯ ಮೇಲಿನ ಗೀರು

ಬೆಳಗ್ಗೆಯಿಂದ ಒಂದೇ ಫೋಟೋ ನೋಡುತ್ತಾ ಕೂತಿದ್ದೇನೆ. ನುಣುಪಾದ ಬಂಡೆ, ಅದರ ಮೇಲೆ ಬಾಚಣಿಗೆಯಿಂದ ಎಳೆದ ಹಾಗೆ ಒಂದೇ ದಿಕ್ಕಿಗೆ ಗೀರುಗಳು. ಹಿಮನದಿ ಹೋದ ದಾರಿ. ಗೀಚಿದ್ದು ಮಂಜುಗಡ್ಡೆಯೇ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಅಲ್ಲವಂತೆ, ಬರೀ ಮಂಜುಗಡ್ಡೆಗೆ ಅಷ್ಟು ಗಟ್ಟಿತನ ಇಲ್ಲ. ಅದರ ತಳಕ್ಕೆ ಕಚ್ಚಿಕೊಂಡ ಕಲ್ಲುಗಳು ಬಂಡೆಯನ್ನು ಉಜ್ಜಿವೆ. ಸ್ಯಾಂಡ್‌ಪೇಪರ್ ಥರ. ಕೆಲಸ ಮಾಡೋದು ಕಾಗದ ಅಲ್ಲ, ಅದರ ಮೇಲಿನ ಮರಳು.

ಇನ್ನೊಂದು ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ. ಫಿನ್ಲೆಂಡಿನ ಕ್ವಾರ್ಕೆನ್ ದ್ವೀಪಗಳಲ್ಲಿ ನೆಲ ಈಗಲೂ ವರ್ಷಕ್ಕೆ ಸುಮಾರು 8 ಮಿಲಿಮೀಟರ್ ಮೇಲೇಳುತ್ತಿದೆ. ಹಿಮಯುಗದಲ್ಲಿ ಅದರ ಮೇಲೆ ಸುಮಾರು 3 ಕಿಲೋಮೀಟರ್ ದಪ್ಪದ ಮಂಜುಗಡ್ಡೆ ಕೂತು, ತನ್ನ ಭಾರಕ್ಕೆ ನೆಲವನ್ನು ಕೆಳಕ್ಕೆ ಒತ್ತಿ, ಆಳದ ಬಿಸಿ ಬಂಡೆಯನ್ನು ಪಕ್ಕಕ್ಕೆ ಸರಿಸಿತ್ತು. ಅದು ಕರಗಿ ಸುಮಾರು 10,000 ವರ್ಷ ಆಯಿತು. ನೆಲ ಮಾತ್ರ ಇನ್ನೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದೆ! ಆಳದ ಬಿಸಿ ಬಂಡೆ ಅಷ್ಟು ನಿಧಾನವಾಗಿ ಹರಿದು ವಾಪಸ್ ಬರುತ್ತದೆ. ಇದನ್ನು ಅಳೆಯೋದು ಜಿಪಿಎಸ್‌ನಿಂದ. ಹೌದು, ನಮಗೆ ದಾರಿ ತೋರಿಸುವ ಅದೇ ಜಿಪಿಎಸ್. ಒಂದು ಕಾಲಕ್ಕೆ ನೀರಂಚಿನಲ್ಲಿ ಕಟ್ಟಿದ್ದ ದೋಣಿಮನೆಗಳು ಅಲ್ಲಿ ಈಗ ಒಣನೆಲದಲ್ಲಿ ನಿಂತಿವೆ.

ಹಿಮಾಲಯವೂ ಹೀಗೇ ಏಳುತ್ತಿದೆ ಅಲ್ವಾ ಅನ್ನಬೇಡಿ. ಅಲ್ಲಿ ಕಾರಣ ಬೇರೆ, ಎರಡು ಭೂಫಲಕಗಳ, ಅಂದರೆ ಭೂಮಿಯ ಹೊರಪದರದ ಬೃಹತ್ ತುಂಡುಗಳ, ತಳ್ಳಾಟ. ಎವರೆಸ್ಟ್ ತುದಿಯ ಸುಣ್ಣಕಲ್ಲಿನಲ್ಲಿ ಕಡಲಜೀವಿಗಳ ಚೂರುಗಳಿವೆ. ಆ ಕತೆ ಇನ್ನೊಂದು ದಿನ.